ಅಜ್ಜಿಯ ಬದುಕನ್ನು ಬರೆದಿಡಬೇಕಾ? ಹೀಗೆ ಶುರು ಮಾಡಿ

ಅಜ್ಜಿ ಹೋದ ಮೇಲೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. "ತುಂಬಾ ಒಳ್ಳೆಯವರು, ಮನೆಯವರಿಗಾಗಿಯೇ ಬದುಕಿದರು." ನಿಜವೇ. ಆದರೆ ಮುಂದೆ ಅದನ್ನು ಓದುವ ಮಗುವಿಗೆ ನಿಮ್ಮ ಅಜ್ಜಿ ಕಾಣಿಸುವುದಿಲ್ಲ, ಯಾರೋ ಒಬ್ಬ ಅಜ್ಜಿ ಕಾಣಿಸುತ್ತಾರೆ ಅಷ್ಟೇ. ಹಾಗಾಗಿ ಹೊಗಳಿಕೆ ಬಿಡಿ. ಅವರು ದಿನಾ ಮುಟ್ಟುತ್ತಿದ್ದ ಒಂದು ವಸ್ತುವಿನಿಂದ ಶುರು ಮಾಡಿ.

ನಮ್ಮಜ್ಜಿಯ ಫೋನ್ ನಂಬರ್ ಪುಸ್ತಕ ನನ್ನ ಹತ್ತಿರ ಇದೆ. ಅಂಗೈ ಅಗಲದ್ದು, ರಟ್ಟು ಕಿತ್ತುಬಂದಾಗ ಅವರೇ ದಾರ ಹಾಕಿ ಹೊಲಿದಿದ್ದರು. ಅದರಲ್ಲಿ ಹೆಸರುಗಳು ಕಡಿಮೆ. "ಹಲ್ಲಿನ ಡಾಕ್ಟರು", "ಹಿಂದಿನ ಮನೆ", "ಚಿಕ್ಕವನ ಆಫೀಸು" ಅಂತೆಲ್ಲ ಇದೆ. ತೀರಿಕೊಂಡವರ ನಂಬರನ್ನು ಅವರು ಹೊಡೆದುಹಾಕಿಲ್ಲ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟಿದ್ದಾರೆ. ಮೊದಲ ಪುಟಗಳಲ್ಲಿ ಚುಕ್ಕೆಗಳೇ ಜಾಸ್ತಿ. ನಾನು ಬರೆಯಲು ಕೂತಾಗ ಮೊದಲು ಬರೆದದ್ದು ಈ ಚುಕ್ಕೆಗಳ ಬಗ್ಗೆ.

ಆಮೇಲೆ ಅವರನ್ನು ಬಲ್ಲವರ ಹತ್ತಿರ ಹೋಗಿ. ತಂಗಿ, ನಾದಿನಿ, ಹಳೆಯ ಗೆಳತಿ, ಯಾರಾದರೂ ಸರಿ, ಎಲ್ಲರಿಗಿಂತ ವಯಸ್ಸಾದವರನ್ನು ಮೊದಲು ನೋಡಿ. ಫೋಟೋಗಳು ಇನ್ನೊಂದು ತಿಂಗಳು ಕಾಯುತ್ತವೆ, ಅವರ ನೆನಪು ಕಾಯುತ್ತದೆ ಅಂತ ಹೇಳಲಾಗದು. "ಅವರು ಹೇಗಿದ್ದರು?" ಅಂತ ಕೇಳಿದರೆ ಮತ್ತೆ "ಒಳ್ಳೆಯವರು" ಅಂತಲೇ ಬರುತ್ತದೆ, ಅಲ್ವಾ? "ಕೋಪ ಬಂದಾಗ ಏನು ಮಾಡುತ್ತಿದ್ದರು?" "ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು?" ಅಂತ ಕೇಳಿ. ಇಲ್ಲವೇ ಒಂದು ಹಳೆಯ ಫೋಟೋ ಕೈಗೆ ಕೊಟ್ಟು ಸುಮ್ನೆ ಕೂತುಬಿಡಿ. ಮಾತು ನಿಂತ ತಕ್ಷಣ ಇನ್ನೊಂದು ಪ್ರಶ್ನೆ ಎಸೆಯಬೇಡಿ, ಆ ಮೌನದ ಆಚೆಗೇ ಎಷ್ಟೋ ಸಲ ಒಳ್ಳೆಯ ಕಥೆ ಇರುತ್ತದೆ. ಇಸವಿ ನೆನಪಿಲ್ಲ ಅಂದರೆ "ದೊಡ್ಡವನು ಹುಟ್ಟುವ ಮುಂಚೆಯಾ, ಆಮೇಲಾ?" ಅಂತ ಕೇಳಿ. ಇಬ್ಬರು ಒಂದೇ ಘಟನೆಯನ್ನು ಬೇರೆ ಬೇರೆ ಥರ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಯಾರು ಹೇಳಿದ್ದು ಅಂತಲೂ ಬರೆಯಿರಿ.

ಒಪ್ಪಿಗೆ ಕೇಳಿ ಫೋನಿನಲ್ಲೇ ರೆಕಾರ್ಡ್ ಮಾಡಿ. ಮಧ್ಯೆ ಕರೆ ಬರದಂತೆ ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ನಿಲ್ಲಿಸಿ, ಶುರುವಿನಲ್ಲಿ ತಾರೀಖು ಮತ್ತು ಮಾತಾಡುವವರ ಹೆಸರು ಹೇಳಿ. ಒಂದು ಗಂಟೆ ಸಾಕು.

ಫೋಟೋಗಳ ವಿಷಯಕ್ಕೆ ಬಂದರೆ, ಅಂಟು ಪುಟದ ಹಳೆಯ ಆಲ್ಬಮ್ಮಿನಿಂದ ಎಳೆದು ಕೀಳಬೇಡಿ, ಹರಿಯುತ್ತದೆ. ಮೊದಲು ಇದ್ದ ಹಾಗೆಯೇ ಪುಟದ ಫೋಟೋ ತೆಗೆದುಕೊಳ್ಳಿ. ಆಮೇಲೆ ಡೆಂಟಲ್ ಫ್ಲಾಸ್ ಅಂದರೆ ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಫೋಟೋದ ಕೆಳಗೆ ತೂರಿಸಿ ನಿಧಾನವಾಗಿ ಬಿಡಿಸಿ, ಬರದಿದ್ದರೆ ಹಾಗೇ ಬಿಟ್ಟುಬಿಡಿ. ಸ್ಕ್ಯಾನ್ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ, ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ) ಮಾಡಿ, ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಮಾಡಿ. ನೀವು ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಬರೆಯಿರಿ, ಬಾಲ್ ಪೆನ್ ಬೇಡ, ಒತ್ತಿದ ಗುರುತು ಫೋಟೋದ ಮುಂಬದಿಗೆ ಮೂಡುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರದ ಗುಣಮಟ್ಟ ಇಳಿಯುತ್ತದೆ. ಒಟ್ಟು ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಬರೆಯುವಾಗ ಹುಟ್ಟಿದ ದಿನದಿಂದ ಸಾಲಾಗಿ ಹೋಗಬೇಕಿಲ್ಲ. ಒಂದು ನೆನಪಿಗೆ ಒಂದು ಪುಟ, ಜೋಡಿಸುವುದು ಆಮೇಲೆ. ಅಜ್ಜಿಯ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ, ದಯವಿಟ್ಟು ತಿದ್ದಬೇಡಿ. ಅವರ ಹಠವನ್ನೂ ಬರೆಯಿರಿ. ಹಠ ಇಲ್ಲದೆ ಅಷ್ಟು ದೊಡ್ಡ ಸಂಸಾರ ನಡೆಸಿದರಾ? ಆದರೆ ಯಾರಿಗೂ ಹೇಳಬೇಡ ಅಂತ ನಿಮ್ಮೊಬ್ಬರಿಗೇ ಹೇಳಿದ್ದನ್ನು ಬರೆಯಬೇಡಿ. ನೆನಪಿನ ಸಭೆಯಲ್ಲಿ ಓದುವುದಾದರೆ ಎರಡು ನೆನಪು, ಮೂರು ನಾಲ್ಕು ನಿಮಿಷ. ಗಂಟಲು ಕಟ್ಟಿದರೆ ಮುಂದೆ ಓದಲು ಪಕ್ಕದವರ ಕೈಯಲ್ಲೂ ಒಂದು ಪ್ರತಿ ಇರಲಿ.

ಮನೆಯವರೆಲ್ಲರ ಫೋನಿನಲ್ಲಿ ಅಜ್ಜಿಯ ವಾಯ್ಸ್ ಮೆಸೇಜ್ ಇದೆಯಾ ಅಂತ ಇವತ್ತೇ ಹುಡುಕಿಸಿ, ಫೋನ್ ಬದಲಾಯಿಸಿದಾಗ ಅವು ಕಳೆದುಹೋಗಬಹುದು. ನಮ್ಮ ಚಿಕ್ಕಮ್ಮನ ಫೋನಿನಲ್ಲಿ ಒಂದೇ ಒಂದು ಸಿಕ್ಕಿತು, 11 ಸೆಕೆಂಡಿನದು. "ತಲುಪಿದ ಮೇಲೆ ಫೋನ್ ಮಾಡು" ಅಂತಾರೆ, ಆಮೇಲೆ ಆಫ್ ಮಾಡುವುದು ಗೊತ್ತಾಗದೆ ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸುತ್ತದೆ. ಅಂಥದ್ದು ಸಿಕ್ಕರೆ ಆ ಉಸಿರನ್ನು ಕತ್ತರಿಸಬೇಡಿ, ಪೂರ್ತಿ ಇಟ್ಟುಕೊಳ್ಳಿ.