ಮಸಾಲೆ ಏಲ್‌ಗೆ ಹೇಳಿದ ಹಾಪ್ಸ್ ಸಿಗದಿದ್ದರೆ ಏನು ಹಾಕಬೇಕು?

ಮಸಾಲೆ ಏಲ್ ಅಂದರೆ ಮಸಾಲೆ ಹಾಕಿದ ಬಿಯರ್. ಅದಕ್ಕೆ ಕಹಿ, ಪರಿಮಳ ಕೊಡುವ ಒಣಗಿಸಿದ ಹೂವೇ ಹಾಪ್ಸ್. ಈ ಬಿಯರ್ ಮಾಡುವವರು ಎಡವುವುದು ಬಹುತೇಕ ಒಂದೇ ಕಡೆ. ರೆಸಿಪಿಯಲ್ಲಿ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಎಂಬ ಇಂಗ್ಲಿಷ್ ಹಾಪ್ಸ್ ತಳಿ ಅಂತ ಇರುತ್ತದೆ. ಪುಣೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೈಗೆ ಸಿಕ್ಕ ಸಿಟ್ರಾ ಎಂಬ ಅಮೆರಿಕನ್ ತಳಿಯನ್ನೇ ಅಷ್ಟೇ ತೂಕ ಸುರಿಯುತ್ತಾರೆ. ಆಮೇಲೆ ಏಲಕ್ಕಿ, ಲವಂಗ ಎಲ್ಲಿದೆ ಅಂತ ಹುಡುಕಬೇಕು. ಬರೀ ನಿಂಬೆ, ಮಾವಿನ ವಾಸನೆ, ಜೊತೆಗೆ ಜಾಸ್ತಿ ಕಹಿ. (ಮಹಾರಾಷ್ಟ್ರದಲ್ಲಿ ಮದ್ಯ ತಯಾರಿಸಲು ಪರವಾನಗಿ ಬೇಕು. ಅಬಕಾರಿ ನಿಯಮ ವಿಚಾರಿಸಿಕೊಂಡೇ ಶುರು ಮಾಡಿ.)

ಹಂತ 1. ಮಸಾಲೆ ಮೊದಲು, ಹಾಪ್ಸ್ ಆಮೇಲೆ. 20 ಲೀಟರಿಗೆ 15 ಗ್ರಾಂ ಕೊತ್ತಂಬರಿ ಬೀಜ, ನಾಲ್ಕು ಏಲಕ್ಕಿ, ಮೂರು ಲವಂಗ ಸಾಕು. ಇಡಿಯಾಗಿ ತಂದು ಮನೆಯಲ್ಲೇ ತರಿತರಿಯಾಗಿ ಕುಟ್ಟಿ. ಪ್ಯಾಕೆಟ್ಟಿನ ಚಹಾ ಮಸಾಲೆ ಬೇಡವೇ ಬೇಡ. ಅದರ ಶುಂಠಿ ಪುಡಿ ತಳದಲ್ಲಿ ಕೆಸರಾಗಿ ಕೂರುತ್ತದೆ.

ಹಂತ 2. ಬದಲಿ ಹಾಪ್ಸ್ ಆರಿಸಿ. ಇಲ್ಲಿ ಆತುರ ಬೇಡ. ಹಾಪ್ಸ್ ಮಾಡುವ ಕೆಲಸ ಎರಡು: ಕಹಿ ಕೊಡುವುದು, ಪರಿಮಳ ಕೊಡುವುದು. ಎರಡಕ್ಕೂ ಲೆಕ್ಕ ಬೇರೆ.

ಕಹಿಗಾಗಿ ಒಂದು ಗಂಟೆ ಕುದಿಸುವ ಹಾಪ್ಸ್‌ಗೆ ಪ್ಯಾಕೆಟ್ ಮೇಲಿನ ಆಲ್ಫಾ ಆಮ್ಲ (ಕಹಿ ಕೊಡುವ ಅಂಶ) ಎಷ್ಟು ಶೇಕಡಾ ಅಂತ ನೋಡಿ. ರೆಸಿಪಿಯಲ್ಲಿ 5 ಶೇಕಡಾದ್ದು 30 ಗ್ರಾಂ ಇದ್ದು, ನಿಮ್ಮ ಹತ್ತಿರ 12 ಶೇಕಡಾದ್ದು ಇದ್ದರೆ 30ನ್ನು 5ರಿಂದ ಗುಣಿಸಿ 12ರಿಂದ ಭಾಗಿಸಿ. ಹನ್ನೆರಡೂವರೆ ಗ್ರಾಂ ಸಾಕು.

ಪರಿಮಳಕ್ಕಾಗಿ ಕುದಿಯುವ ಕೊನೆಯ ಐದು ನಿಮಿಷಕ್ಕೆ ಹಾಕುವುದಕ್ಕೆ ಈ ಲೆಕ್ಕ ಬೇಡ. ಅಷ್ಟರಲ್ಲಿ ಕಹಿ ಹೆಚ್ಚು ಇಳಿಯುವುದಿಲ್ಲ. ಇಲ್ಲಿ ವಾಸನೆ ಹೊಂದಬೇಕು, ತೂಕ ಹೆಚ್ಚುಕಡಿಮೆ ಅಷ್ಟೇ ಇರಲಿ. ಗೋಲ್ಡಿಂಗ್ಸ್ ಇಲ್ಲದಿದ್ದರೆ ಫಗಲ್. ಅದೂ ಇಲ್ಲದಿದ್ದರೆ ವಿಲಾಮೆಟ್. ಅಮೆರಿಕದಲ್ಲಿ 1976ರಲ್ಲಿ ಬಂದ ಈ ತಳಿ ಫಗಲ್‌ನಿಂದಲೇ ಹುಟ್ಟಿದ್ದು. ಲವಂಗ ಮುಂದೆ ಇರಬೇಕೆಂದರೆ ಜೆಕ್ ದೇಶದ ಸಾಜ್ ನನ್ನ ಆಯ್ಕೆ. ಕೊತ್ತಂಬರಿ ಬೀಜವೇ ಪ್ರಧಾನವಾದರೆ ಮಾತ್ರ ಕ್ಯಾಸ್ಕೇಡ್ ಒಪ್ಪುತ್ತದೆ. ಲಿನಲೂಲ್ ಎಂಬ ಪರಿಮಳದ ಅಂಶ ಬೀಜದಲ್ಲೂ ಇದೆ, ಹಾಪ್ಸ್‌ನಲ್ಲೂ ಇದೆ. ಏಲಕ್ಕಿ ಏಲ್‌ಗೆ ಸಿಟ್ರಾವನ್ನಂತೂ ಹಾಕಲೇಬೇಡಿ.

ಪಟ್ಟಿ ನೋಡಿ ನಂಬಬೇಡಿ, ಮೂಗಿಗೆ ಕೇಳಿ. ನೀರು ಕುದಿಸಿ 80 ಡಿಗ್ರಿಗೆ ಇಳಿಯಲು ಬಿಡಿ. ಒಂದು ಲೋಟ ನೀರಿಗೆ ಎರಡು ಪೆಲೆಟ್ (ಹಾಪ್ಸ್ ಒತ್ತಿ ಮಾಡಿದ ಗುಳಿಗೆ) ಪುಡಿ ಮಾಡಿ ಹಾಕಿ, ಚಿಟಿಕೆ ಕುಟ್ಟಿದ ಮಸಾಲೆ ಸೇರಿಸಿ, ತಟ್ಟೆ ಮುಚ್ಚಿ. ಐದು ನಿಮಿಷ ಬಿಟ್ಟು ಸೋಸಿ. ಮೊದಲು ಮೂಸಿ, ಆಮೇಲೆ ಒಂದು ಗುಟುಕು. ಮಸಾಲೆ ಮೊದಲು ಮೂಗಿಗೆ ಬಂದು, ಹಿಂದೆ ಹೂವಿನ, ಒಣಹುಲ್ಲಿನ ಘಮ ನಿಂತರೆ ಅದೇ ನಿಮ್ಮ ಹಾಪ್ಸ್. ಎರಡು ತಳಿ ಇದ್ದರೆ ಎರಡು ಲೋಟ ಪಕ್ಕಪಕ್ಕ ಇಡಿ.

ಪೆಲೆಟ್ ಹಸಿರಾಗಿರಬೇಕು. ಬೆಳೆ ವರ್ಷ ಬರೆಯದ, ಜಿಪ್ ಕವರಿಗೆ ಮರುತುಂಬಿದ ಕಂದು ಪೆಲೆಟ್ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಹಳೇ ಚೀಸಿನ ನಾತ ಬಂದರೆ ಎಸೆಯಿರಿ.

ಹಂತ 3. ಪರಿಮಳದ ಹಾಪ್ಸ್, ಮಸಾಲೆ ಎರಡನ್ನೂ ಕೊನೆಯ ಐದು ನಿಮಿಷಕ್ಕೆ ಹಾಕಿ, ಬೇಗ ತಣ್ಣಗೆ ಮಾಡಿ, ಯೀಸ್ಟ್ ಸೇರಿಸಿ.

ಮಸಾಲೆ ಕಡಿಮೆ ಅನಿಸಿದರೆ ಒಂದು ಒಳ್ಳೆಯ ಅಡ್ಡದಾರಿ ಇದೆ. ಏಲಕ್ಕಿಯನ್ನು ಸ್ವಲ್ಪ ವೋಡ್ಕಾದಲ್ಲಿ ನೆನೆಸಿ, ಬಾಟಲಿಗೆ ತುಂಬುವಾಗ ಹನಿಹನಿಯಾಗಿ ಸೇರಿಸಿ, ರುಚಿ ನೋಡಿ. ಉಳಿದ ಪೆಲೆಟ್ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಿ. ಕುದಿಸಿದ ಚರಟವನ್ನು ನಾಯಿಗೆ ಸಿಗದ ಹಾಗೆ ಎಸೆಯಿರಿ. ಹಾಪ್ಸ್ ನಾಯಿಗೆ ವಿಷ.