‘ಆರಾಮ ಅದೀನಿ’ ಅನ್ನೋ ಮೊದಲು: ಜರ್ಮನಿಗೆ ಹೊರಟ ನಮ್ಮ ರಾಯಚೂರಿನ ಮಕ್ಕಳಿಗೆ, ಅವರ ಮನೆಯವರಿಗೆ

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ‘ಮೇಡಂರೀ, ನಮ್ಮ ಹುಡುಗ ಜರ್ಮನಿಗೆ ಹೊಂಟಾನ. ಎಷ್ಟು ಸ್ವೆಟರ್ ಹಾಕ್ಬೇಕ್ರಿ?’ ಅಂತ ಯಾರದೋ ತಾಯಿ ಕೇಳುತ್ತಾರೆ. ನಾನು ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಎಂಎಸ್ ಓದಿ ವಾಪಸ್ ಬಂದವಳು. ಸ್ವೆಟರ್ ಒಂದು ಸಾಕು. ದಪ್ಪ ಜಾಕೆಟ್ ಅಲ್ಲೇ ಕೊಳ್ಳಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಸಿಗುವ ಜಾಕೆಟ್ ಅಲ್ಲಿಯ ಚಳಿಗೆ ಯಾತಕ್ಕೂ ಸಾಲದು.

ಉಳಿದ ಜಾಗದಲ್ಲಿ ಖಡಕ್ ರೊಟ್ಟಿ ತುಂಬಿ. ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ, ಹೈದರಾಬಾದ್‌ನಲ್ಲಿ ವಿಮಾನ ಹತ್ತಿದ ಮೇಲೂ ಅರ್ಧಕ್ಕರ್ಧ ಉಳಿಯುತ್ತವೆ. ಮುರಿದವನ್ನು ಮೊಸರಲ್ಲಿ ನೆನೆಹಾಕಿ ತಿನ್ನಿ. ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ ಎಲ್ಲಾ ಹಾಕಿ. ತುಪ್ಪ, ಪೇಡೆ ಮಾತ್ರ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪ್ ಒಕ್ಕೂಟ ಬಿಡುವುದಿಲ್ಲ. ಅಜ್ಜಿ ಅತ್ತರೂ ಬೇಡ. ನಾನು ಅಲ್ಲಿ ಇಳಿದದ್ದು ಶನಿವಾರ ರಾತ್ರಿ. ಭಾನುವಾರ ಅಲ್ಲಿ ಅಂಗಡಿಗಳು ಬಂದ್ ಅಂತ ಯಾರೂ ಹೇಳಿರಲಿಲ್ಲ. ಇಡೀ ದಿನ ರೊಟ್ಟಿ ಚೂರು, ಶೇಂಗಾ ಪುಡಿ, ನಲ್ಲಿ ನೀರು. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ.

ಮೊದಲ ಎರಡು ವಾರ ಬರೀ ಕಾಗದದ ಕೆಲಸ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಮನೆ ಕೊಟ್ಟವರು ಸಹಿ ಮಾಡಿದ ಕಾಗದ ಇಲ್ಲದಿದ್ದರೆ ಅದು ಆಗುವುದಿಲ್ಲ. ಹಾಗಾಗಿ ಕೀಲಿ ತೆಗೆದುಕೊಳ್ಳುವಾಗಲೇ ಆ ಕಾಗದ ಕೇಳಿ. ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ವೀಸಾಕ್ಕಾಗಿ ವರ್ಷದ ಖರ್ಚಿನ ದುಡ್ಡು ಮೊದಲೇ ಹಾಕಿಡುವ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಅದರಿಂದ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ, ಅದೂ ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ. ಮೊದಲ ತಿಂಗಳ ಖರ್ಚಿಗೆ ಬೇರೆ ದುಡ್ಡು ಇಟ್ಟುಕೊಳ್ಳಿ.

ಅಡುಗೆಮನೆಯದು ಒಂದು ಕತೆ. ಮೂರನೇ ದಿನ ಹಾಸ್ಟೆಲ್‌ನಲ್ಲಿ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು, ಒಣ ಮೆಣಸಿನಕಾಯಿ ಕಪ್ಪಾಯಿತು, ಚಾವಣಿಯಲ್ಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತು. ಚಪ್ಪಲಿ ಇಲ್ಲದೆ ಎಲ್ಲರೂ ಕಾರಿಡಾರಿಗೆ! ಕಿಟಕಿ ತೆರೆದು, ಉರಿ ಸಣ್ಣ ಮಾಡಿ, ಮೆಣಸಿನಕಾಯಿ ಕೊನೆಗೆ ಹಾಕಿ. ಆವತ್ತು ಹೊರಗೆ ಓಡಿಬಂದ ಪಕ್ಕದ ರೂಮಿನ ಹುಡುಗಿಯೇ ಮುಂದೆ ನನ್ನ ಗೆಳತಿಯಾದಳು, ಅದು ಬೇರೆ ಮಾತು.

ಇನ್ನು ಓದು. ಅಲ್ಲಿ ಅಂಕ ಉಲ್ಟಾ. 1.0 ಅಂದರೆ ಎಲ್ಲಕ್ಕಿಂತ ಮೇಲು, 4.0 ಪಾಸು, 5.0 ಫೇಲು. ‘1.7 ಬಂತು’ ಅಂದಾಗ ಅಪ್ಪ ಅರ್ಧ ನಿಮಿಷ ಮಾತೇ ಆಡಲಿಲ್ಲ. ಸುಮಾರು ತರಗತಿಗಳಲ್ಲಿ ಹಾಜರಿ ಕೇಳುವುದಿಲ್ಲ, ಇಂಟರ್ನಲ್ ಅಂಕಗಳ ಆಸರೆ ಇಲ್ಲ, ಕೊನೆಯ ಪರೀಕ್ಷೆಯೇ ಎಲ್ಲಾ. ಆ ಪರೀಕ್ಷೆಗೆ ನಾವೇ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ನಾನು ಒಂದು ವಿಷಯದ್ದು ಮರೆತೆ. ಪೂರ್ತಿ ಓದಿಕೊಂಡಿದ್ದರೂ ಬರೆಯಲಾಗಲಿಲ್ಲ. ಕೊನೆಯ ದಿನಾಂಕವನ್ನು ಗೋಡೆಗೆ ಅಂಟಿಸಿ. ಅರ್ಥವಾಗದಿದ್ದರೆ ಪ್ರೊಫೆಸರ್ ಭೇಟಿಗೆ ಇಟ್ಟಿರುವ ಸಮಯಕ್ಕೆ ಹೋಗಿ ಕೇಳಿ. ನಮಗೆ ಸಂಕೋಚ ಜಾಸ್ತಿ, ಅಲ್ವಾ? ಅಲ್ಲಿ ಕೇಳದವರಿಗೆ ಎಲ್ಲಾ ತಿಳಿದಿದೆ ಅಂತಲೇ ಅಂದುಕೊಳ್ಳುತ್ತಾರೆ.

ನಿಜವಾದ ಕಷ್ಟ ಇವ್ಯಾವೂ ಅಲ್ಲ. ಅದು ನವೆಂಬರ್‌ನಲ್ಲಿ ಶುರುವಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲು. ಎಳ್ಳ ಅಮಾವಾಸ್ಯೆಗೆ ಊರಲ್ಲಿ ಎಲ್ಲರೂ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಯದ ಫೋಟೋ ಕಳಿಸುತ್ತಾರೆ. ನಾನು ಮೊದಲ ವರ್ಷ ಅದನ್ನು ಹಾಸಿಗೆಯಲ್ಲೇ ಬಿದ್ದುಕೊಂಡು ನೋಡಿದೆ. ಎರಡು ದಿನ ರೂಮಿನಿಂದ ಹೊರಗೆ ಬಂದಿರಲಿಲ್ಲ. ಹಾಗೆ ಆಗುವ ಮೊದಲೇ ಒಂದು ರೂಢಿ ಮಾಡಿಕೊಳ್ಳಿ. ಮಧ್ಯಾಹ್ನ ಬೆಳಕಿದ್ದಾಗ ಅರ್ಧ ಗಂಟೆ ನಡೆಯಿರಿ. ನಾನು ಎಲ್ಬೆ ನದಿಯ ದಂಡೆಗೆ ಹೋಗುತ್ತಿದ್ದೆ. ವಾರಕ್ಕೊಂದು ದಿನ ಯಾರ ಜೊತೆಗಾದರೂ ಅಡುಗೆ ಮಾಡಿ. ಮನಸ್ಸು ಪೂರ್ತಿ ಕುಸಿದರೆ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಆಪ್ತಸಮಾಲೋಚಕರ ಹತ್ತಿರ ಹೋಗಿ. ಸಾಮಾನ್ಯವಾಗಿ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ.

ಮನೆಯವರಿಗೂ ಒಂದು ಮಾತು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಅವರ ಸಂಜೆ 6 ಅಂದರೆ ನಮಗೆ ರಾತ್ರಿ 10:30. ಅವರು ರೂಮಿಗೆ ಬರುವ ಹೊತ್ತಿಗೆ ನೀವು ಮಲಗಿರುತ್ತೀರಿ. ಭಾನುವಾರದ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ‘ಆರಾಮ ಇದ್ದೀಯಾ?’ ಅಂತ ಕೇಳಬೇಡಿ. ‘ಆರಾಮ ಅದೀನಿ’ ಅನ್ನುವುದು ನಮ್ಮ ಬಾಯಿಗೆ ಬಂದುಬಿಟ್ಟಿದೆ, ಜ್ವರ ಬಂದರೂ ಅದನ್ನೇ ಹೇಳುತ್ತೇವೆ. ಆ ಎಳ್ಳ ಅಮಾವಾಸ್ಯೆ ದಿನ ನಾನೂ ಅವ್ವನಿಗೆ ಅದನ್ನೇ ಹೇಳಿದೆ.

‘ಏನ್ ಮಾಡ್ಕೊಂಡಿ?’ ಅಂದಳು.

‘ಅನ್ನ ಸಾರು.’

‘ಫೋನ್ ಗ್ಯಾಸ್ ಕಡೆ ತಿರುಗಿಸು, ನೋಡ್ತೀನಿ.’

ತಿರುಗಿಸಿದೆ. ಒಲೆ ಮೇಲೆ ಏನೂ ಇರಲಿಲ್ಲ. ಅವ್ವ ಬೈಯಲಿಲ್ಲ. ‘ಫೋನ್ ಇಡಬ್ಯಾಡ, ಅಕ್ಕಿ ತೊಳಿ’ ಅಂದಳು. ಅನ್ನ ಆಗುವವರೆಗೂ ಫೋನಿನಲ್ಲೇ ಕೂತಿದ್ದಳು.