ಹಿನ್ನೀರಿನ ಮಂತ್ರಗಳ್ಳರು

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಣ್ಣ ಗುಂಪು. ರಜೆ ದಿನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, 2014ರ ಐದನೇ ಆವೃತ್ತಿ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸುತ್ತ ಆಡುತ್ತಾರೆ. ಕಥೆ ನಡೆಸುವವನು ನಾನು. ಈ ಸಲದ ಖಳರು ಕಡಲ್ಗಳ್ಳರಾಗಬೇಕು, ಅವರಿಗೆ ಮಾಟಮಂತ್ರವೂ ಬರಬೇಕು ಅಂತ ಗೆಳೆಯರು ಹಟ ಹಿಡಿದರು.

ನಮಗೆ ಕಡಲು ದೂರ. ಆದರೆ ಆಲಮಟ್ಟಿ ಹಿನ್ನೀರು ಇದೆಯಲ್ಲ! ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಆ ನೀರಿಗೇ ಹೋದವು. ಹಾಗಾಗಿ ನನ್ನ ಕಳ್ಳರ ನೆಲೆ ಮುಳುಗಿದ ಒಂದು ಪೇಟೆ. ಮೇಲೆ ದೋಣಿ, ಕೆಳಗೆ ಗೋಡೆ, ಮೆಟ್ಟಿಲು, ಗುಡಿ.

ಮಂತ್ರ ಆರಿಸುವ ಮೊದಲು ಅವರ ಕಸುಬು ನೋಡಿದೆ. ಕಳ್ಳನಿಗೆ ಬೇಕಾದ್ದು ಮಾಲು. ಫೈರ್‌ಬಾಲ್ ಮಂತ್ರದಿಂದ ಬೆಂಕಿ ಉಂಡೆ ಎಸೆದರೆ ದೋಣಿ ಜೊತೆ ಮಾಲೂ ಬೂದಿ ಆಗುತ್ತೆ, ಅಲ್ವಾ? ದೋಣಿ ನಿಲ್ಲಿಸಬೇಕು, ಹತ್ತಬೇಕು, ದೋಚಿಕೊಂಡು ಪರಾರಿ ಆಗಬೇಕು. ಇದಕ್ಕೆ ಒದಗುವ ಸ್ಪೆಲ್, ಅಂದ್ರೆ ಮಂತ್ರ, ಮಾತ್ರ ಇಟ್ಟೆ: ಮಂಜು ಕವಿಸುವ ಫಾಗ್ ಕ್ಲೌಡ್, ಜೋರು ಗಾಳಿ ಬೀಸುವ ಗಸ್ಟ್ ಆಫ್ ವಿಂಡ್, ನೀರನ್ನು ಆಡಿಸುವ ಕಂಟ್ರೋಲ್ ವಾಟರ್, ನೀರೊಳಗೆ ಉಸಿರಾಡಿಸುವ ವಾಟರ್ ಬ್ರೀದಿಂಗ್.

ಮೊದಲ ಮೂರಕ್ಕೂ ಕಾನ್ಸಂಟ್ರೇಶನ್ ಬೇಕು, ಅಂದ್ರೆ ಮಂತ್ರ ನಡೆಯುವಷ್ಟು ಹೊತ್ತೂ ಹಾಕಿದವರ ಗಮನ ಅದರ ಮೇಲೇ ಇರಬೇಕು. ಒಬ್ಬರು ಒಂದು ಹೊತ್ತಿಗೆ ಒಂದನ್ನೇ ಹಿಡಿದಿಡಬಹುದು. ಅದಕ್ಕೇ ಮೂವರಿಗೆ ಹಂಚಿದೆ: ಮಂಜಿನವನು, ಗಾಳಿಯವನು, ನೀರಿನ ನಾಯಕಿ. ಇಲ್ಲಿ ಒಂದು ಸೊಗಸಿದೆ. ಗಾಳಿ ಬೀಸಿದರೆ ಮಂಜು ಚದುರುತ್ತೆ. ಅಂದ್ರೆ ಇಬ್ಬರೂ ಒಂದೇ ಜಾಗದಲ್ಲಿ ಒಟ್ಟಿಗೆ ಕೆಲಸ ಮಾಡುವ ಹಾಗಿಲ್ಲ. ಆಟದಲ್ಲಿ ನಮ್ಮ ಬಿಲ್ಲುಗಾರ ಇದನ್ನು ಹಿಡಿದ. "ಲೇ, ಮಂಜು ಇದ್ದಾಗ ಗಾಳಿ ಬಿಡವಲ್ರು ನೋಡು. ಮಂಜು ಸರಿದ ಕೂಡ್ಲೇ ಗಾಳಿಯವಂಗ ಬಾಣ ಹೊಡಿ!" ಬಾಣ ತಾಗಿತು. ಪೆಟ್ಟು ಬಿದ್ದಾಗ ಮಂತ್ರ ಉಳಿಸಿಕೊಳ್ಳಲು 20 ಮುಖದ ಡೈಸ್ ಉರುಳಿಸಬೇಕು. 10 ಅಥವಾ ಪೆಟ್ಟಿನ ಅರ್ಧ, ಯಾವುದು ಜಾಸ್ತಿಯೋ ಅಷ್ಟಾದರೂ ಬರಬೇಕು. ಬರಲಿಲ್ಲ, ಗಾಳಿ ನಿಂತಿತು. ಖಳರ ಮಂತ್ರಕ್ಕೆ ಹೀಗೆ ಕಣ್ಣಿಗೆ ಕಾಣುವ ಬಿರುಕು ಇರಲೇಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ನಾಯಕಿಯ ಸುಳಿಗೂ ಮಿತಿ ಇದೆ. ಕಂಟ್ರೋಲ್ ವಾಟರ್‌ನಿಂದ ಸುಳಿ ಏಳಿಸಲು ನೀರು 25 ಅಡಿ ಆಳವಾದರೂ ಇರಬೇಕು. ಹಿನ್ನೀರಿನ ದಂಡೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ದೋಣಿಯನ್ನು ಸೀದಾ ದಂಡೆ ಕಡೆಗೆ, ತೆಳು ನೀರಿಗೆ ತಿರುಗಿಸಿದರು.

ಸುಲಿಗೆ ಇಲ್ಲದ ದಿನ ಕಳ್ಳರು ಏನು ಮಾಡುತ್ತಾರೆ? ಉತ್ತರ ಯುರೋಪಿನ ನಾವಿಕರಲ್ಲಿ ಗಾಳಿಯನ್ನು ಹಗ್ಗದಲ್ಲಿ ಗಂಟು ಹಾಕಿ ಮಾರುವವರ ಕಥೆಗಳಿವೆ. ಮೊದಲ ಗಂಟು ಬಿಚ್ಚಿದರೆ ಹದವಾದ ಗಾಳಿ, ಎರಡನೆಯದಕ್ಕೆ ಜೋರು ಗಾಳಿ, ಮೂರನೆಯದಕ್ಕೆ ಬಿರುಗಾಳಿ. ಇತ್ತ 16ನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಪಡುವಣ ಕಡಲಲ್ಲಿ ಕರ್ತಾಜ್ ಅನ್ನೋ ಪರವಾನಗಿ ಇಟ್ಟಿದ್ದರು. ಅದಿಲ್ಲದ ಹಡಗು ಸಿಕ್ಕರೆ ಜಪ್ತಿ. ಎರಡನ್ನೂ ಸೇರಿಸಿದೆ. ನನ್ನ ಕಳ್ಳರು ಗಂಟಿನ ಹಗ್ಗ ಮಾರುತ್ತಾರೆ. ಅದು ಗಾಳಿಯೂ ಹೌದು, ಪರವಾನಗಿಯೂ ಹೌದು. ಕೊಳ್ಳದವರ ದೋಣಿಗೆ ಮಂಜು ಕವಿಯುತ್ತೆ. ಊರಿನ ಅಂಬಿಗರು ಇವರನ್ನು ಬೈಯುತ್ತಲೇ ಹಗ್ಗ ಕೊಳ್ಳುತ್ತಾರೆ, ಯಾಕಂದ್ರೆ ಗಾಳಿ ನಿಜವಾಗಿಯೂ ಬರುತ್ತೆ.

ವಾಟರ್ ಬ್ರೀದಿಂಗ್ ಹತ್ತು ಜನರಿಗೆ 24 ಗಂಟೆ ನಡೆಯುತ್ತೆ, ಕಾನ್ಸಂಟ್ರೇಶನ್ ಬೇಡ. ನಾಯಕಿ ಬೆಳಿಗ್ಗೆಯೇ ಹಾಕಿಕೊಂಡಿದ್ದಳು. ಸೋಲು ಕಂಡ ಕೂಡಲೇ ನೀರಿಗೆ ಹಾರಿ ಮುಳುಗಿದ ಪೇಟೆ ಸೇರಿದಳು. ಗೆಳೆಯರ ಹತ್ತಿರ ಆ ಸ್ಪೆಲ್ ಇರಲಿಲ್ಲ. ಸೆರೆ ಸಿಕ್ಕ ಮಂಜಿನವನಿಗೆ ಅದೂ ಬರುತ್ತಿತ್ತು. ಅವನನ್ನೇ ಕೂಲಿಗೆ ಇಟ್ಟುಕೊಂಡು ಇಳಿಯಲು ಹೊರಟಿದ್ದಾರೆ, ಅರ್ಧ ಕೂಲಿ ಮುಂಗಡ ಕೊಟ್ಟು.